ಲಿನಕ್ಸ್ ಕಂಪ್ಯೂಟರ್: ನಿಧಾನ ಬೂಟ್ ಮತ್ತು ಯುಎಸ್‌ಬಿ ತೊಂದರೆಗಳು

ಪವರ್ ಗುಂಡಿ ಒತ್ತಿ ಎರಡು ಮೂರು ನಿಮಿಷವಾದರೂ ಲಾಗಿನ್ ಪರದೆ ಬರುವುದಿಲ್ಲ. ಚುಚ್ಚಿದ ಪೆನ್‌ಡ್ರೈವ್ ಕಾಣಿಸುವುದೇ ಇಲ್ಲ, ಕಾಣಿಸಿದರೂ ನಡುವೆ ಕಳಚಿಕೊಳ್ಳುತ್ತದೆ. ಲಿನಕ್ಸ್ ಬಳಸುವವರಿಂದ ಪದೇ ಪದೇ ಕೇಳಿಬರುವ ದೂರುಗಳಿವು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ಇವುಗಳ ಬೇರು ಹಲವೊಮ್ಮೆ ಒಂದೇ. ಉತ್ತರಿಸಬೇಕಾದ ಯಾವುದೋ ಭಾಗ ಉತ್ತರಿಸುತ್ತಿಲ್ಲ, ಯಂತ್ರ ಅದಕ್ಕಾಗಿ ಕಾಯುತ್ತಿದೆ. ಯಾವುದಕ್ಕಾಗಿ ಕಾಯಿತು, ಎಷ್ಟು ಹೊತ್ತು ಕಾಯಿತು, ಎಷ್ಟನೇ ಸಲ ಕೈಬಿಟ್ಟಿತು ಎಂಬುದನ್ನೆಲ್ಲ ಲಿನಕ್ಸ್ ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ. ಆ ದಾಖಲೆಯನ್ನು ಓದದೆ ಸೆಟ್ಟಿಂಗ್ ಬದಲಿಸುವುದು, ಸಿಕ್ಕಸಿಕ್ಕ ಸರ್ವಿಸ್‌ಗಳನ್ನು ನಿಲ್ಲಿಸುವುದು, ಕೊನೆಗೆ ಬೇಸತ್ತು ಇಡೀ ವ್ಯವಸ್ಥೆಯನ್ನು ಮತ್ತೆ ಇನ್‌ಸ್ಟಾಲ್ ಮಾಡುವುದು ಬಹಳ ಕಡೆ ನಡೆಯುತ್ತದೆ. ದೋಷ ಕೇಬಲ್ಲಿನಲ್ಲಿದ್ದರೆ ಇನ್‌ಸ್ಟಾಲ್ ಮಾಡಿದ ಮರುದಿನವೂ ಅದು ಅಲ್ಲೇ ಇರುತ್ತದೆ.

ಬೂಟ್ ಆಗುವ ಹಂತಗಳು

ವಿದ್ಯುತ್ ಹರಿದ ಕೂಡಲೇ ಮೊದಲು ಓಡುವುದು ಮದರ್‌ಬೋರ್ಡಿನ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದು ಬಯಾಸ್, ಹೊಸತರಲ್ಲಿ ಯುಇಎಫ್‌ಐ. ಅದು ಗ್ರಬ್‌ನಂಥ ಬೂಟ್‌ಲೋಡರನ್ನು ಕರೆಯುತ್ತದೆ. ಗ್ರಬ್ ಕರ್ನಲ್ಲನ್ನೂ ಅದರ ಜೊತೆ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ಕಡತವ್ಯವಸ್ಥೆಯನ್ನೂ ಮೆಮೊರಿಗೆ ತರುತ್ತದೆ. ಮುಖ್ಯ ಡಿಸ್ಕನ್ನು ಹುಡುಕಿ ತೆರೆಯುವಷ್ಟು ಡ್ರೈವರುಗಳು ಆ ಪುಟ್ಟ ವ್ಯವಸ್ಥೆಯಲ್ಲಿರುತ್ತವೆ. ಡಿಸ್ಕ್ ಸಿಕ್ಕ ಮೇಲೆ ಮೊದಲ ಪ್ರೋಗ್ರಾಮ್ ಆದ ಇನಿಟ್ ಶುರುವಾಗುತ್ತದೆ. ನೆಟ್‌ವರ್ಕ್, ಧ್ವನಿ, ಪ್ರಿಂಟರ್, ಲಾಗಿನ್ ಪರದೆ ಎಲ್ಲವನ್ನೂ ಎಬ್ಬಿಸುವುದು ಅದರ ಕೆಲಸ.

ಬಹುಕಾಲ ಈ ಕೊನೆಯ ಹಂತ ಸರತಿಯ ಸಾಲಿನಂತೆ ನಡೆಯುತ್ತಿತ್ತು. ಸಿಸ್ಟಮ್ ಫೈವ್ ಮಾದರಿಯ ಇನಿಟ್‌ನಲ್ಲಿ ಒಂದು ಸ್ಕ್ರಿಪ್ಟ್ ಮುಗಿಯದೆ ಮುಂದಿನದು ಶುರುವಾಗುತ್ತಿರಲಿಲ್ಲ. 2004ರಲ್ಲಿ ರೆಡ್ ಹ್ಯಾಟ್‌ನ ಓವನ್ ಟೇಲರ್ ಬೂಟ್ ಹೊತ್ತನ್ನು ಚಿತ್ರವಾಗಿ ತೋರಿಸುವ ಸಾಧನ ಬೇಕೆಂದು ಸವಾಲೆಸೆದಾಗ ಜಿಗಾ ಮಾಕೋವೆಟ್ಸ್ ಬೂಟ್‌ಚಾರ್ಟ್ ಬರೆದರು. ಪ್ರೊಸೆಸರ್ ಮತ್ತು ಡಿಸ್ಕ್ ಎಲ್ಲಿ ದುಡಿಯುತ್ತಿವೆ, ಎಲ್ಲಿ ಸುಮ್ಮನೆ ಕುಳಿತಿವೆ ಎಂಬುದು ಆ ಚಿತ್ರದಲ್ಲಿ ಕಣ್ಣಿಗೆ ಕಾಣುವಂತಾಯಿತು. 2006ರಲ್ಲಿ ಉಬುಂಟು ಅಪ್‌ಸ್ಟಾರ್ಟ್ ಎಂಬ ಹೊಸ ಇನಿಟ್ ತಂದಿತು. 2008ರ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್‌ನ ಆರ್ಯನ್ ವಾನ್ ಡೆ ವೆನ್ ಮತ್ತು ಔಕೆ ಕಾಕ್ ಏಸುಸ್ ಈ-ಪಿಸಿ ಎಂಬ ಅಗ್ಗದ ನೆಟ್‌ಬುಕ್ಕನ್ನು ಐದು ಸೆಕೆಂಡಿನಲ್ಲಿ ಬೂಟ್ ಮಾಡಿ ತೋರಿಸಿದರು. ಕರ್ನಲ್ಲಿಗೆ ಒಂದು ಸೆಕೆಂಡ್, ಆರಂಭಿಕ ಕೆಲಸಗಳಿಗೆ ಒಂದು, ಎಕ್ಸ್ ಸರ್ವರಿಗೆ ಒಂದು, ಡೆಸ್ಕ್‌ಟಾಪಿಗೆ ಎರಡು ಎಂದು ಮೊದಲೇ ಬಜೆಟ್ ಹಾಕಿಕೊಂಡು ಅವರು ದುಡಿದಿದ್ದರು. ಸಾಧಾರಣ ಪ್ರೊಸೆಸರಿನಲ್ಲೇ ಇದು ಸಾಧ್ಯವಾದದ್ದರಿಂದ, ಬೂಟ್ ನಿಧಾನವಾದರೆ ಯಂತ್ರದ ಶಕ್ತಿ ಸಾಲದು ಎಂಬ ಸಬೂಬು ಆ ಬಳಿಕ ಸುಲಭವಾಗಿ ನಿಲ್ಲಲಿಲ್ಲ.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕಾಯ್ ಸೀವರ್ಸ್ ಸಿಸ್ಟಮ್‌ಡಿ ಹೊರತಂದರು. ಒಂದನ್ನೊಂದು ಅವಲಂಬಿಸದ ಸರ್ವಿಸ್‌ಗಳನ್ನು ಅದು ಒಟ್ಟೊಟ್ಟಿಗೇ ಎಬ್ಬಿಸುತ್ತದೆ. ಫೆಡೋರಾ 2011ರಲ್ಲಿ, ಡೆಬಿಯನ್ ಮತ್ತು ಉಬುಂಟು 2015ರಲ್ಲಿ ಇದಕ್ಕೆ ಬದಲಾದವು. ಸಿಸ್ಟಮ್‌ಡಿ ಕುರಿತ ವಾದವಿವಾದ ಇನ್ನೂ ತಣ್ಣಗಾಗಿಲ್ಲ. ಆದರೆ ದೋಷ ಹುಡುಕುವವರ ಕೈಗೆ ಅದು ಕೊಟ್ಟ ಅಳತೆಗೋಲುಗಳು ದೊಡ್ಡ ಉಪಕಾರವೇ.

ಅಳೆಯುವ ಕ್ರಮ

ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಎಂದು ಕೊಟ್ಟರೆ ಬೂಟ್‌ನ ಒಟ್ಟು ಹೊತ್ತು ಫರ್ಮ್‌ವೇರ್, ಲೋಡರ್, ಕರ್ನಲ್, ಯೂಸರ್‌ಸ್ಪೇಸ್ ಎಂದು ಹಂಚಿಹೋಗಿ ಒಂದೇ ಸಾಲಿನಲ್ಲಿ ಬರುತ್ತದೆ. ಮೊದಲೆರಡು ಅಂಕಿಗಳು ಸಿಗುವುದು ಯುಇಎಫ್‌ಐ ಯಂತ್ರಗಳಲ್ಲಿ ಮಾತ್ರ. ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಯ ಅರ್ಧ ಉತ್ತರ ಈ ಸಾಲಿನಲ್ಲೇ ಇದೆ. ಫರ್ಮ್‌ವೇರ್ ಇಪ್ಪತ್ತು ಸೆಕೆಂಡ್ ತಿನ್ನುತ್ತಿದ್ದರೆ ಲಿನಕ್ಸ್‌ನೊಳಗೆ ಏನು ತಿದ್ದಿಯೂ ಫಲವಿಲ್ಲ. ನೆಟ್‌ವರ್ಕ್ ಮೂಲಕ ಬೂಟ್ ಮಾಡಲು ಯತ್ನಿಸುವ ಸೆಟ್ಟಿಂಗ್, ಚುಚ್ಚಿಯೇ ಬಿಟ್ಟ ಪೆನ್‌ಡ್ರೈವ್, ಉತ್ತರಿಸದ ಹಳೆಯ ಡಿಸ್ಕ್ ಇವುಗಳನ್ನು ಅಲ್ಲಿ ನೋಡಬೇಕು. ಲೋಡರ್ ಅಂಕಿ ದೊಡ್ಡದಿದ್ದರೆ ಗ್ರಬ್ ಮೆನು ಕಾಯುತ್ತಿದೆ ಎಂದರ್ಥ. ಹಿಂದಿನ ಸಲ ಬೂಟ್ ಪೂರ್ತಿಯಾಗುವ ಮುನ್ನವೇ ಕರೆಂಟ್ ಹೋಗಿದ್ದರೆ ಉಬುಂಟುವಿನ ಗ್ರಬ್ ಮೆನುವನ್ನು ತೋರಿಸಿ 30 ಸೆಕೆಂಡ್ ನಿಲ್ಲುತ್ತದೆ. ಯುಪಿಎಸ್ ಇಲ್ಲದ ಕಡೆ ಇದನ್ನೇ ದೋಷವೆಂದು ತಿಳಿದು ಗಾಬರಿಯಾಗುವವರಿದ್ದಾರೆ.

ಯೂಸರ್‌ಸ್ಪೇಸ್ ಅಂಕಿ ದೊಡ್ಡದಾಗಿದ್ದರೆ ಎರಡು ಉಪ-ಆಜ್ಞೆಗಳು ನೆರವಿಗೆ ಬರುತ್ತವೆ. ಬ್ಲೇಮ್ ಎಂಬುದು ಪ್ರತಿ ಸರ್ವಿಸ್ ತೆಗೆದುಕೊಂಡ ಹೊತ್ತನ್ನು ಇಳಿಕೆಯ ಕ್ರಮದಲ್ಲಿ ಪಟ್ಟಿ ಮಾಡುತ್ತದೆ. ಹೆಚ್ಚಿನವರು ಇದನ್ನು ನೋಡಿ ಮೇಲಿನ ಮೂರು ನಾಲ್ಕು ಹೆಸರುಗಳನ್ನು ಬಂದ್ ಮಾಡಲು ಹೊರಡುತ್ತಾರೆ. ಇದು ತಪ್ಪು ದಾರಿ. ಸರ್ವಿಸ್‌ಗಳು ಒಟ್ಟೊಟ್ಟಿಗೆ ಓಡುವುದರಿಂದ ಹತ್ತು ಸೆಕೆಂಡ್ ಹಿಡಿದ ಒಂದು ಸರ್ವಿಸ್ ಯಾರ ದಾರಿಗೂ ಅಡ್ಡ ಬಂದಿರದೆ ಇರಬಹುದು. ಪ್ಲಿಮತ್-ಕ್ವಿಟ್-ವೇಟ್ ಎಂಬ ಹೆಸರು ಹಲವು ಯಂತ್ರಗಳಲ್ಲಿ ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತದೆ. ಆದರೆ ಉಳಿದವರೆಲ್ಲ ಮುಗಿಸುವ ತನಕ ಬೂಟ್ ಚಿತ್ರವನ್ನು ಪರದೆಯ ಮೇಲಿಟ್ಟು ಕಾಯುವುದಷ್ಟೇ ಅದರ ಕೆಲಸ. ನಿಜವಾದ ಅಡ್ಡಿ ತೋರಿಸುವುದು ಕ್ರಿಟಿಕಲ್-ಚೈನ್ ಎಂಬ ಆಜ್ಞೆ. ಲಾಗಿನ್ ಪರದೆಯಿಂದ ಹಿಂದಕ್ಕೆ ಯಾರು ಯಾರಿಗಾಗಿ ಕಾದರು ಎಂಬ ಸರಪಳಿಯನ್ನು ಅದು ಬಿಚ್ಚಿಡುತ್ತದೆ. ಪ್ಲಾಟ್ ಎಂಬ ಮೂರನೆಯದು ಇಡೀ ಬೂಟ್‌ಅನ್ನು ಒಂದು ಉದ್ದನೆಯ ಚಿತ್ರವಾಗಿ ಬರೆದುಕೊಡುತ್ತದೆ. ಎಲ್ಲ ಪಟ್ಟಿಗಳೂ ಒಮ್ಮೆಲೇ ನಿಂತು, ಒಂದು ಖಾಲಿ ಅಂತರದ ಬಳಿಕ ಮತ್ತೆ ಹೊರಟಿದ್ದರೆ ಆ ಅಂತರದ ಕೊನೆಯಲ್ಲಿ ಮುಗಿದದ್ದು ಯಾವುದೆಂದು ನೋಡಬೇಕು.

ತೊಂಬತ್ತು ಸೆಕೆಂಡಿನ ಕಾಯುವಿಕೆ

ನಿಧಾನ ಬೂಟ್‌ಗೆ ಅತಿ ಪರಿಚಿತ ಉದಾಹರಣೆ ಇದು. ಪರದೆಯ ಮೇಲೆ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಶುರುವಾಗುವ ಸಾಲು, ಅದರ ಮುಂದೆ ಒಂದು ಡಿಸ್ಕಿನ ಉದ್ದನೆಯ ಗುರುತು, ಕೊನೆಯಲ್ಲಿ ಓಡುತ್ತಿರುವ ಗಡಿಯಾರ ಮತ್ತು ಒಂದೂವರೆ ನಿಮಿಷದ ಗಡುವು. ಸಿಸ್ಟಮ್‌ಡಿ ಯಾವುದೇ ಸಾಧನಕ್ಕೆ ಸಹಜವಾಗಿ ಕೊಡುವ ಗಡುವು 90 ಸೆಕೆಂಡ್. ಅಷ್ಟು ಹೊತ್ತು ಕಾದು, ಸಾಧನ ಬಾರದಿದ್ದಾಗ ಅದು ಕೈಬಿಡುತ್ತದೆ.

ಇದರ ಹಿಂದಿನ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಲಿನಕ್ಸ್‌ಗಳಿವೆ, ಮೆಮೊರಿ ಸಾಲದಾದಾಗ ಬಳಸುವ ಸ್ವಾಪ್ ಪಾರ್ಟಿಷನ್ ಎರಡಕ್ಕೂ ಒಂದೇ. ಎರಡನೆಯದನ್ನು ಇನ್‌ಸ್ಟಾಲ್ ಮಾಡುವಾಗ ಅದು ಸ್ವಾಪ್ ಜಾಗವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿತು. ಪ್ರತಿ ಫಾರ್ಮ್ಯಾಟ್‌ಗೂ ಒಂದು ಹೊಸ ಯುಯುಐಡಿ, ಅಂದರೆ 32 ಅಂಕಿ-ಅಕ್ಷರಗಳ ಗುರುತುಸಂಖ್ಯೆ, ಹುಟ್ಟುತ್ತದೆ. ಮೊದಲನೆಯ ಲಿನಕ್ಸ್‌ನ ಎಫ್‌ಎಸ್‌ಟ್ಯಾಬ್ ಎಂಬ, ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಿರುವ ಕಡತದಲ್ಲಿ ಉಳಿದಿರುವುದು ಹಳೆಯ ಸಂಖ್ಯೆ. ಆ ಸಂಖ್ಯೆಯ ಪಾರ್ಟಿಷನ್ ಈಗ ಭೂಮಿಯ ಮೇಲೇ ಇಲ್ಲ. ಆದರೂ ಬರಬಹುದೆಂದು ಯಂತ್ರ ದಿನಾ ಒಂದೂವರೆ ನಿಮಿಷ ದಾರಿ ಕಾಯುತ್ತದೆ.

ಪರಿಹಾರಕ್ಕೆ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯನ್ನು ‘-ಎಫ್’ ಆಯ್ಕೆಯೊಂದಿಗೆ ಕೊಟ್ಟು, ಈಗಿರುವ ಗುರುತುಗಳನ್ನು ಎಫ್‌ಎಸ್‌ಟ್ಯಾಬ್‌ನೊಂದಿಗೆ ಸಾಲು ಸಾಲಾಗಿ ಹೋಲಿಸಬೇಕು. ತಾಳೆಯಾಗದ ಸಾಲನ್ನು ತಿದ್ದಬೇಕು. ಸದಾ ಜೋಡಿಸಿಯೇ ಇರದ ಬಾಹ್ಯ ಡಿಸ್ಕುಗಳ ಸಾಲಿಗೆ ‘ನೋಫೇಲ್’ ಆಯ್ಕೆ ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ತಿದ್ದುವ ಮುನ್ನ ಎಫ್‌ಎಸ್‌ಟ್ಯಾಬ್‌ನ ಒಂದು ಪ್ರತಿ ಎತ್ತಿಟ್ಟುಕೊಳ್ಳುವುದು ಕಡ್ಡಾಯ. ಈ ಕಡತದ ಒಂದು ತಪ್ಪು ಅಕ್ಷರ ಯಂತ್ರವನ್ನು ನೇರ ಎಮರ್ಜೆನ್ಸಿ ಮೋಡ್‌ಗೆ ತಳ್ಳಬಲ್ಲದು.

ಎಫ್‌ಎಸ್‌ಟ್ಯಾಬ್ ತಿದ್ದಿದ ಮೇಲೂ ಡೆಬಿಯನ್ ಕುಟುಂಬದಲ್ಲಿ ಸುಮಾರು ಅರ್ಧ ನಿಮಿಷದ ತಡೆ ಉಳಿಯುವುದುಂಟು. ಹೈಬರ್ನೇಟ್ ಆದ ಸ್ಥಿತಿಯನ್ನು ಓದಲು ಇನಿಟ್‌ರ್ಯಾಮ್‌ಎಫ್‌ಎಸ್ ಕೂಡ ಅದೇ ಹಳೆಯ ಸ್ವಾಪನ್ನು ಹುಡುಕುತ್ತಿರುತ್ತದೆ. ಇನಿಟ್‌ರ್ಯಾಮ್‌ಎಫ್‌ಎಸ್-ಟೂಲ್ಸ್‌ನ ರೆಸ್ಯೂಮ್ ಕಡತದಲ್ಲಿರುವ ಗುರುತನ್ನೂ ತಿದ್ದಿ, ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ ಆಜ್ಞೆ ಕೊಟ್ಟರೆ ಅದೂ ಹೋಗುತ್ತದೆ. ಅರ್ಧ ಗೆದ್ದು ಕೈಬಿಡುವವರು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ.

ಇತರ ತಡೆಗಳು

ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಎಂಬ ಸರ್ವಿಸ್ ಹೆಸರೇ ಹೇಳುವಂತೆ ಸಂಪರ್ಕ ಸಿಗುವವರೆಗೆ ಕಾಯುತ್ತದೆ. ಬೂಟ್ ಆಗುವಾಗಲೇ ಬೇರೊಂದು ಸರ್ವರಿನ ಡಿಸ್ಕನ್ನು ಜೋಡಿಸಿಕೊಳ್ಳುವ ಯಂತ್ರಗಳಿಗೆ ಇದು ಬೇಕು, ಮನೆಯ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಬೇಡ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವುದು ದೊಡ್ಡ ವ್ಯತ್ಯಾಸ ತರುತ್ತದೆ. ಹತ್ತು ವರ್ಷ ಹಳೆಯ ಯಂತ್ರಕ್ಕೂ ಖರ್ಚು ಮಾಡಲು ಯೋಗ್ಯವಾದ ಒಂದೇ ಬಿಡಿಭಾಗ ಇದು ಎನ್ನಬಹುದು. ಆದರೆ ನಿನ್ನೆ ತನಕ ಚೆನ್ನಾಗಿದ್ದ ಡಿಸ್ಕ್ ಇಂದು ನಿಧಾನವಾದರೆ ಅದು ಸಾಯುತ್ತಿರುವ ಲಕ್ಷಣವೂ ಆಗಬಹುದು. ಕರ್ನಲ್ ದಾಖಲೆಯಲ್ಲಿ ಎಟಿಎ ಎಂದು ಶುರುವಾಗುವ ಸಾಲುಗಳು, ವಿಫಲ ರೀಡ್‌ಗಳು, ಲಿಂಕ್ ರೀಸೆಟ್‌ಗಳು ಕಂಡರೆ ಮಿಕ್ಕ ಪರೀಕ್ಷೆಗಳನ್ನು ಬದಿಗಿಟ್ಟು ಮೊದಲು ಮುಖ್ಯ ಕಡತಗಳನ್ನು ಬೇರೆಡೆ ನಕಲಿಸಿಕೊಳ್ಳಬೇಕು. ಆಮೇಲೆ ಸ್ಮಾರ್ಟ್‌ಸಿಟಿಎಲ್ ಆಜ್ಞೆಯಿಂದ ಡಿಸ್ಕಿನ ಆರೋಗ್ಯ ನೋಡಬಹುದು. ಸಾಟಾ ಕೇಬಲ್ ಸಡಿಲವಾಗಿದ್ದರೂ ಇದೇ ಸಾಲುಗಳು ಬರುತ್ತವೆ ಎಂಬುದು ಸಮಾಧಾನದ ಸಂಗತಿ.

ಕಾಯುವಿಕೆ ಎಷ್ಟು ವಿಚಿತ್ರ ಕಾರಣದಿಂದ ಹುಟ್ಟಬಹುದು ಎಂಬುದಕ್ಕೆ 2019ರ ಪ್ರಸಂಗವೊಂದು ಸಾಕ್ಷಿ. ಕರ್ನಲ್ 5.3 ಸಿದ್ಧವಾಗುತ್ತಿದ್ದಾಗ ಅಹ್ಮದ್ ಡಾರ್ವಿಶ್ ಎಂಬ ಡೆವಲಪರ್ ತಮ್ಮ ಲ್ಯಾಪ್‌ಟಾಪಿನ ಬೂಟ್ ನಡುವೆಯೇ ನಿಂತುಹೋಗುತ್ತಿರುವುದನ್ನು ವರದಿ ಮಾಡಿದರು. ಕೀಬೋರ್ಡ್ ಮುಟ್ಟಿದರೆ ಮುಂದೆ ಸಾಗುತ್ತಿತ್ತು. ಹುಡುಕುತ್ತ ಹೋದಾಗ ಸಿಕ್ಕ ಕಾರಣ ಇಎಕ್ಸ್‌ಟಿ4 ಕಡತವ್ಯವಸ್ಥೆಗೆ ಮಾಡಿದ ಒಂದು ಸುಧಾರಣೆ. ಅದರಿಂದ ಡಿಸ್ಕ್ ಓದುವ ಸಲಗಳು ಕಡಿಮೆಯಾಗಿದ್ದವು. ಹಾಗೆಯೇ ಡಿಸ್ಕ್ ಕಳಿಸುವ ಇಂಟರಪ್ಟ್‌ಗಳೂ ಕಡಿಮೆಯಾಗಿದ್ದವು. ಯಾದೃಚ್ಛಿಕ ಸಂಖ್ಯೆಗಳನ್ನು ತಯಾರಿಸಲು ಕರ್ನಲ್ ಆ ಇಂಟರಪ್ಟ್‌ಗಳ ಹೊತ್ತಿನ ಏರುಪೇರನ್ನು ಬಳಸಿಕೊಳ್ಳುತ್ತಿತ್ತು. ಅದು ಸಾಕಷ್ಟು ಸಿಗದೆ, ಆ ಸಂಖ್ಯೆ ಕೇಳಿದ ಲಾಗಿನ್ ಪರದೆ ಉತ್ತರಕ್ಕಾಗಿ ಕುಳಿತುಬಿಟ್ಟಿತ್ತು. ಸುಧಾರಣೆಯಲ್ಲಿ ತಪ್ಪಿಲ್ಲದಿದ್ದರೂ ಲಿನಸ್ ಟೋರ್ವಾಲ್ಡ್ಸ್ 5.3 ಬಿಡುಗಡೆಗೆ ಮುನ್ನ ಅದನ್ನು ಹಿಂತೆಗೆದರು. ಬಳಕೆದಾರನ ಯಂತ್ರ ಕೆಡಬಾರದೆಂಬ ಅವರ ನಿಯಮಕ್ಕೆ ಇದು ಒಳ್ಳೆಯ ನಿದರ್ಶನ. 5.4ರಲ್ಲಿ ಪ್ರೊಸೆಸರಿನ ಸ್ವಂತ ಗಡಿಯಾರದ ಏರಿಳಿತದಿಂದಲೇ ಆ ಕೊರತೆ ತುಂಬಿಕೊಳ್ಳುವ ವ್ಯವಸ್ಥೆ ಬಂತು. ಅದಕ್ಕೂ ಹಿಂದಿನ ಕರ್ನಲ್ ಇರುವ ಯಂತ್ರಗಳಲ್ಲಿ, ಮುಖ್ಯವಾಗಿ ವರ್ಚುವಲ್ ಸರ್ವರುಗಳಲ್ಲಿ, ಈ ತೊಂದರೆ ಕಾಣಬಹುದು.

ಯುಎಸ್‌ಬಿ ಸಾಧನವನ್ನು ಕರ್ನಲ್ ಗುರುತಿಸುವ ಬಗೆ

ಯುಎಸ್‌ಬಿ 1.0 ಬಂದದ್ದು 1996ರಲ್ಲಿ, ಸೆಕೆಂಡಿಗೆ 12 ಮೆಗಾಬಿಟ್ ಗರಿಷ್ಠ ವೇಗದೊಂದಿಗೆ. 2000ದ ಯುಎಸ್‌ಬಿ 2.0 ಅದನ್ನು 480ಕ್ಕೆ ಏರಿಸಿತು, 2008ರ ಯುಎಸ್‌ಬಿ 3.0 ಐದು ಗಿಗಾಬಿಟ್‌ಗೆ. 3.0ಗೆ ಅಧಿಕೃತ ಬೆಂಬಲ ಕೊಟ್ಟ ಮೊದಲ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್. ಇಂಟೆಲ್‌ನ ಸಾರಾ ಶಾರ್ಪ್ ಬರೆದ ಎಕ್ಸ್‌ಎಚ್‌ಸಿಐ ಡ್ರೈವರ್ 2009ರ ಕರ್ನಲ್ 2.6.31ರಲ್ಲಿ ಸೇರಿತು. ಯುಎಸ್‌ಬಿಗೆ ಲಿನಕ್ಸ್ ಒಗ್ಗುವುದಿಲ್ಲ ಎಂಬ ಹಳೆಯ ಮಾತನ್ನು ಇನ್ನೂ ಆಡುವವರು ಇದನ್ನು ತಿಳಿದಿರಬೇಕು.

ಸಾಧನ ಚುಚ್ಚಿದಾಗ ಪೋರ್ಟ್‌ಗಳನ್ನು ನೋಡಿಕೊಳ್ಳುವ ಹಬ್ ಅದನ್ನು ವಿದ್ಯುತ್ ಮಟ್ಟದ ಬದಲಾವಣೆಯಿಂದ ಅರಿಯುತ್ತದೆ. ಕರ್ನಲ್ ಸಾಧನವನ್ನು ರೀಸೆಟ್ ಮಾಡಿ ‘ನೀನು ಯಾರು’ ಎಂದು ಕೇಳುತ್ತದೆ. ಆಗ ಸಾಧನಕ್ಕೆ ಇನ್ನೂ ಸ್ವಂತ ವಿಳಾಸವಿಲ್ಲ, ಹೊಸಬರೆಲ್ಲರ ವಿಳಾಸ ಸೊನ್ನೆ. ಉತ್ತರ ಬಂದರೆ ಒಂದು ವಿಳಾಸ ಕೊಟ್ಟು, ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆ ಓದಿ, ಹೊಂದುವ ಡ್ರೈವರನ್ನು ಜೋಡಿಸುತ್ತದೆ. ಸಾಧನದ ಕಡತವನ್ನು ಸಿದ್ಧಪಡಿಸಿ ಯಾರಿಗೆ ಬಳಸಲು ಅನುಮತಿ ಇದೆ ಎಂದು ನಿರ್ಧರಿಸುವುದು ಯುಡೆವ್.

ಈ ಸರಣಿಯಲ್ಲಿ ಎಲ್ಲಿ ಕಡಿಯಿತು ಎಂಬುದು ಕರ್ನಲ್ ದಾಖಲೆಯನ್ನು ತೋರಿಸುವ ಡಿಮೆಸೆಜ್ ಆಜ್ಞೆಯಲ್ಲಿ ಕಾಣುತ್ತದೆ. ‘ಯುಎಸ್‌ಬಿ 1-4.2: ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -110’ ಎಂಬ ಸಾಲನ್ನು ತೆಗೆದುಕೊಳ್ಳೋಣ. 1-4.2 ಎಂದರೆ ಒಂದನೇ ಬಸ್‌ನ ನಾಲ್ಕನೇ ಪೋರ್ಟಿಗೆ ಹಚ್ಚಿದ ಹಬ್, ಅದರ ಎರಡನೇ ಪೋರ್ಟ್. ರೀಡ್/64 ಎಂದರೆ ಕರ್ನಲ್ ಪರಿಚಯ ಕೇಳುವಾಗ 64 ಬೈಟ್ ಕೇಳಿತು. ತಯಾರಕರು ಸಾಧನಗಳನ್ನು ವಿಂಡೋಸ್ ಮೇಲೆ ಪರೀಕ್ಷಿಸುವುದರಿಂದ ವಿಂಡೋಸ್ ಕೇಳುವ ಕ್ರಮದಲ್ಲೇ ಲಿನಕ್ಸ್ ಕೂಡ ಕೇಳುತ್ತದೆ. 110 ಎಂದರೆ ಗಡುವು ಮುಗಿದರೂ ಉತ್ತರ ಬರಲಿಲ್ಲ. ಅದೇ ಜಾಗದಲ್ಲಿ 71 ಇದ್ದರೆ ಪ್ರೋಟೊಕಾಲ್ ದೋಷ, ಅಂದರೆ ಮಾತುಕತೆ ನಿಯಮದಂತೆ ನಡೆಯಲಿಲ್ಲ ಎಂದರ್ಥ. ಈ ಹಂತದಲ್ಲಿ ಕರ್ನಲ್ಲಿಗೆ ಸಾಧನದ ಹೆಸರೇ ಗೊತ್ತಿಲ್ಲ, ಆದ್ದರಿಂದ ಯಾವ ಡ್ರೈವರ್ ಇನ್‌ಸ್ಟಾಲ್ ಮಾಡಿಯೂ ಪ್ರಯೋಜನವಿಲ್ಲ. ನೋಡಬೇಕಾದದ್ದು ಕೇಬಲ್, ಪೋರ್ಟ್, ವಿದ್ಯುತ್.

ನಿಧಾನ ಬೂಟ್ ಮತ್ತು ಯುಎಸ್‌ಬಿ ದೋಷ ಒಂದಾಗುವುದೂ ಇಲ್ಲಿಯೇ. ಸೊನ್ನೆ ವಿಳಾಸದಲ್ಲಿ ಒಂದು ಬಸ್‌ನ ಮೇಲೆ ಒಮ್ಮೆಗೆ ಒಂದೇ ಸಾಧನ ಇರಬಲ್ಲದು. ಉತ್ತರಿಸದ ಸಾಧನಕ್ಕೆ ಕರ್ನಲ್ ಮತ್ತೆ ಮತ್ತೆ ಅವಕಾಶ ಕೊಡುವಾಗ ಅದೇ ಬಸ್‌ನ ಇತರ ಸಾಧನಗಳು ಸರದಿಗಾಗಿ ನಿಲ್ಲುತ್ತವೆ. ಕೀಬೋರ್ಡ್ ಅಥವಾ ಬೂಟ್ ಡಿಸ್ಕ್ ಅವುಗಳಲ್ಲೊಂದಾಗಿದ್ದರೆ ಇಡೀ ಯಂತ್ರವೇ ಕಾಯುತ್ತದೆ. ‘ನಾನು ಏನನ್ನೂ ಚುಚ್ಚಿಲ್ಲವಲ್ಲ’ ಎನ್ನುವವರು ಒಂದು ವಿಷಯ ಗಮನಿಸಬೇಕು. ಲ್ಯಾಪ್‌ಟಾಪಿನ ವೆಬ್‌ಕ್ಯಾಮ್, ಬ್ಲೂಟೂತ್, ಬೆರಳಚ್ಚು ಓದುವ ಸಾಧನ, ಎಷ್ಟೋ ಮಾದರಿಗಳಲ್ಲಿ ಕಾರ್ಡ್ ರೀಡರ್ ಕೂಡ ಒಳಗಿನಿಂದ ಯುಎಸ್‌ಬಿಗೇ ಜೋಡಣೆಯಾಗಿರುತ್ತವೆ. ಕೆಟ್ಟ ವೆಬ್‌ಕ್ಯಾಮ್ ಒಂದನ್ನು ಬಯಾಸ್‌ನಲ್ಲಿ ನಿಷ್ಕ್ರಿಯಗೊಳಿಸಿದರೆ ಬೂಟ್ ಮತ್ತೆ ಚುರುಕಾಗಬಹುದು.

ವಿದ್ಯುತ್ತು, ತಂತಿ, ಡ್ರೈವರ್

ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟ್ 900. ತಿರುಗುವ ಬಾಹ್ಯ ಹಾರ್ಡ್ ಡಿಸ್ಕ್ ಹೊರಡುವಾಗ ಇದಕ್ಕಿಂತ ಹೆಚ್ಚು ಎಳೆಯಬಹುದು. ರಾಸ್‌ಬೆರಿ ಪೈ 4ರ ನಾಲ್ಕೂ ಪೋರ್ಟ್‌ಗಳಿಗೆ ಸೇರಿ ಸಿಗುವುದು ಸುಮಾರು 1.2 ಆಂಪಿಯರ್ ಮಾತ್ರ. ಎರಡು ಡಿಸ್ಕ್ ಹಚ್ಚಿದರೆ ಒಂದು ಕಳಚಿಕೊಳ್ಳುವುದು ಅಚ್ಚರಿಯಲ್ಲ. ಸ್ವಂತ ಅಡಾಪ್ಟರ್ ಇರುವ ಹಬ್ ಇದಕ್ಕೆ ಪರಿಹಾರ. ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್‌ಗಳು ಕ್ಯಾಬಿನೆಟ್ಟಿನೊಳಗಿನ ತೆಳು ತಂತಿಯ ಮೂಲಕ ಹಾದುಬರುವುದರಿಂದ, ಪರೀಕ್ಷೆಯನ್ನು ಹಿಂಭಾಗದ ಪೋರ್ಟಿನಲ್ಲಿ ಮಾಡಬೇಕು. ಕೆಲವೊಮ್ಮೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಸರಿಯಾಗುತ್ತದೆ. ಕಂಪ್ಯೂಟರ್ ಆರಿಸಿದರೂ ಹಲವು ಪೋರ್ಟ್‌ಗಳಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸಿಕ್ಕಿಹಾಕಿಕೊಂಡ ಸಾಧನ ಪೂರ್ತಿ ರೀಸೆಟ್ ಆಗುವುದು ಪ್ಲಗ್ ಕಿತ್ತಾಗಲೇ.

3.0 ಪೋರ್ಟಿನೊಳಗೆ 2.0 ತಂತಿಗಳೂ ಹೆಚ್ಚುವೇಗದ ತಂತಿಗಳೂ ಬೇರೆ ಬೇರೆಯಾಗಿವೆ. ಹೆಚ್ಚುವೇಗದ ತಂತಿ ಕೆಟ್ಟರೆ ಡಿಸ್ಕ್ ಸಾಯುವುದಿಲ್ಲ, ಸದ್ದಿಲ್ಲದೆ 480ಕ್ಕೆ ಇಳಿಯುತ್ತದೆ. ಎಲ್‌ಎಸ್‌ಯುಎಸ್‌ಬಿ ಆಜ್ಞೆಯನ್ನು ‘-ಟಿ’ ಆಯ್ಕೆಯೊಂದಿಗೆ ಕೊಟ್ಟರೆ ಪ್ರತಿ ಸಾಧನದ ಎದುರು 480ಎಂ, 5000ಎಂ ಎಂಬಂತೆ ವೇಗ ಇರುತ್ತದೆ, ಡ್ರೈವರಿನ ಹೆಸರೂ ಇರುತ್ತದೆ. 3.0 ಕೇಬಲ್ಲು ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ವಲಯಕ್ಕೆ ತಗಲುತ್ತದೆಂದು ಇಂಟೆಲ್ 2012ರಲ್ಲೇ ಪ್ರಕಟಿಸಿದೆ. ಡಿಸ್ಕಿನ ಪಕ್ಕದಲ್ಲೇ ಚುಚ್ಚಿದ ವೈರ್‌ಲೆಸ್ ಮೌಸ್‌ನ ಡಾಂಗಲ್ ತಡವರಿಸಿದರೆ ಮೌಸನ್ನು ದೂಷಿಸುವ ಮುನ್ನ ಡಾಂಗಲನ್ನು ದೂರದ ಪೋರ್ಟಿಗೆ ಬದಲಿಸಿ ನೋಡಬೇಕು.

ಸಾಧನ ಪಟ್ಟಿಯಲ್ಲಿ ಕಾಣುತ್ತಿದೆ, ಕೆಲಸ ಮಾತ್ರ ಮಾಡುತ್ತಿಲ್ಲ ಎಂದಾದರೆ ಹುಡುಕಾಟ ತಂತ್ರಾಂಶದ ಕಡೆ ತಿರುಗುತ್ತದೆ. ಆರ್ಚ್ ಲಿನಕ್ಸ್‌ನಲ್ಲಿ ಕರ್ನಲ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡದಿದ್ದರೆ, ಓಡುತ್ತಿರುವ ಕರ್ನಲ್ಲಿನ ಮಾಡ್ಯೂಲುಗಳು ಡಿಸ್ಕಿನಿಂದ ಅಳಿಸಿಹೋಗಿರುತ್ತವೆ. ಹೊಸ ಪೆನ್‌ಡ್ರೈವಿಗೆ ಡ್ರೈವರ್ ಸಿಗುವುದಿಲ್ಲ, ರೀಬೂಟ್ ಮಾಡಿದರೆ ಸಾಕು. ಉಬುಂಟು 22.04ರಲ್ಲಿ ಆರ್ಡುಯಿನೋ ಮಾದರಿಯ ಅಗ್ಗದ ಬೋರ್ಡ್‌ಗಳು ಕಾಣಿಸಿ ಮರುಕ್ಷಣ ಮಾಯವಾಗುತ್ತಿದ್ದವು. ಅವುಗಳ ಸಿಎಚ್340 ಚಿಪ್ಪಿನ ಗುರುತು ಒಂದು ಬ್ರೈಲ್ ಪರದೆಯ ಗುರುತಿಗೆ ಹೊಂದುತ್ತಿದ್ದುದರಿಂದ, ಅಂಧರಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ತಂತ್ರಾಂಶ ಅವನ್ನು ತನ್ನದೆಂದು ಹಿಡಿದುಕೊಳ್ಳುತ್ತಿತ್ತು. ಬ್ರೈಲ್ ಪರದೆ ಬಳಸದವರು ಅದನ್ನು ತೆಗೆದುಹಾಕಬಹುದು. ಬಳಸುವವರಿರುವ ಮನೆಯಲ್ಲಿ ಆ ಒಂದು ಯುಡೆವ್ ನಿಯಮವನ್ನಷ್ಟೇ ತಡೆಯುವುದು ಸರಿಯಾದ ಮಾರ್ಗ. ಭಾರತದಲ್ಲಿ 3ಜಿ ಡಾಂಗಲ್‌ಗಳು ಎಲ್ಲರ ಕೈಯಲ್ಲಿದ್ದ ಕಾಲದಲ್ಲಿ ಹಲವು ಡಾಂಗಲ್‌ಗಳು ಮೊದಲು ವಿಂಡೋಸ್ ಡ್ರೈವರ್ ತುಂಬಿದ ಸಿಡಿಯಂತೆ ಕಾಣಿಸಿಕೊಳ್ಳುತ್ತಿದ್ದವು. ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪುಟ್ಟ ಪ್ರೋಗ್ರಾಮ್ ಅವನ್ನು ಮೋಡೆಮ್ ಆಗಿಸುತ್ತಿತ್ತು. ಇಂದು ಟೆಂಡರ್, ತೆರಿಗೆ ಕೆಲಸಗಳಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್‌ಗಳದ್ದೂ ಇಂಥದೇ ಕಥೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ಟೋಕನ್ ಕಂಡರೂ ಸ್ಮಾರ್ಟ್‌ಕಾರ್ಡ್‌ಗಳನ್ನು ನೋಡಿಕೊಳ್ಳುವ ಪಿಸಿಎಸ್‌ಸಿಡಿ ಸರ್ವಿಸ್ ಓಡದಿದ್ದರೆ ಬ್ರೌಸರಿಗೆ ಅದು ಸಿಗುವುದಿಲ್ಲ.

ಎರಡು ವೆಬ್‌ಕ್ಯಾಮ್‌ಗಳನ್ನು ಒಂದೇ ಬಸ್‌ಗೆ ಹಚ್ಚಿದಾಗ ಬರುವ ‘ಡಿವೈಸ್‌ನಲ್ಲಿ ಜಾಗವಿಲ್ಲ’ ಎಂಬ ಸಂದೇಶ ಬಹಳ ಜನರ ದಾರಿ ತಪ್ಪಿಸಿದೆ. ಡಿಸ್ಕ್ ಖಾಲಿ ಮಾಡಲು ಕೂರಬೇಕಿಲ್ಲ. ಮುಗಿದಿರುವುದು ಯುಎಸ್‌ಬಿ ಬಸ್‌ನ ಬ್ಯಾಂಡ್‌ವಿಡ್ತ್.

ಮೌಸ್ ಅಥವಾ ಸೌಂಡ್ ಕಾರ್ಡ್ ಕೆಲ ಸೆಕೆಂಡ್ ಸುಮ್ಮನಿದ್ದು ಮತ್ತೆ ಎಚ್ಚರವಾಗಲು ತಡವರಿಸಿದರೆ ವಿದ್ಯುತ್ ಉಳಿಸುವ ಆಟೋಸಸ್ಪೆಂಡ್ ಕಾರಣವಿರಬಹುದು. ಲ್ಯಾಪ್‌ಟಾಪ್ ಬ್ಯಾಟರಿಗಾಗಿ ಹಾಕಿಕೊಳ್ಳುವ ಟಿಎಲ್‌ಪಿಯಂಥ ತಂತ್ರಾಂಶಗಳು ಇದನ್ನು ಹಲವು ಸಾಧನಗಳಿಗೆ ಚಾಲೂ ಮಾಡುತ್ತವೆ. ಇಡೀ ಆಟೋಸಸ್ಪೆಂಡ್ ಆರಿಸುವ ಬದಲು ಆ ಒಂದು ಸಾಧನದ ಸಂಖ್ಯೆಯನ್ನು ಟಿಎಲ್‌ಪಿಯ ಹೊರಗಿಡುವ ಪಟ್ಟಿಗೆ ಸೇರಿಸಿದರೆ ಬ್ಯಾಟರಿಯೂ ಉಳಿಯುತ್ತದೆ.

ವಿಂಡೋಸ್ ಜೊತೆ ಹಂಚಿಕೊಂಡ ಡಿಸ್ಕ್ ಓದಲು ಮಾತ್ರ ತೆರೆದುಕೊಂಡರೆ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅದನ್ನು ಅರೆನಿದ್ರೆಯಲ್ಲಿ ಬಿಟ್ಟುಹೋಗಿರಬಹುದು. ಫಾಸ್ಟ್ ಸ್ಟಾರ್ಟಪನ್ನು ವಿಂಡೋಸ್ ಒಳಗೇ ಆರಿಸಬೇಕು. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗಳಿಗೆ 2020ರ ಕರ್ನಲ್ 5.7ರಿಂದ ಒಳ್ಳೆಯ ಡ್ರೈವರ್ ಕರ್ನಲ್ಲಿನಲ್ಲೇ ಇದೆ. ನಕಲು ಮುಗಿಯಿತೆಂದು ಪರದೆ ಹೇಳಿದರೂ ದತ್ತಾಂಶ ಇನ್ನೂ ಮೆಮೊರಿಯಲ್ಲೇ ಇರಬಹುದು. ಸೇಫ್ ರಿಮೂವ್ ಒತ್ತಿ, ಮುಗಿಯಿತೆಂಬ ಸೂಚನೆ ಬರುವವರೆಗೆ ಪೆನ್‌ಡ್ರೈವ್ ಕೀಳಬಾರದು.

ಹೊಸ ಬಾಹ್ಯ ಡಿಸ್ಕುಗಳು ಯುಎಎಸ್ ಎಂಬ ವೇಗದ ಕ್ರಮದಲ್ಲಿ ಮಾತಾಡುತ್ತವೆ. ಡಿಸ್ಕ್ ಮತ್ತು ಯುಎಸ್‌ಬಿ ನಡುವಿನ ಕೆಲವು ಸೇತುವೆ ಚಿಪ್ಪುಗಳು ಬೆಂಬಲವಿದೆಯೆಂದು ಹೇಳಿಕೊಂಡರೂ ಕೆಲಸದ ಒತ್ತಡ ಬಿದ್ದಾಗ ಸ್ತಬ್ಧವಾಗುತ್ತವೆ, ದಾಖಲೆಯಲ್ಲಿ ರೀಸೆಟ್‌ಗಳ ಸಾಲು ಬೀಳುತ್ತದೆ. ಕೇಬಲ್ಲೂ ವಿದ್ಯುತ್ತೂ ಸರಿಯಿದ್ದರೆ, ಯುಎಸ್‌ಬಿ-ಸ್ಟೋರೇಜ್ ಡ್ರೈವರಿನ ಕ್ವಿರ್ಕ್ಸ್ ಆಯ್ಕೆಗೆ ಆ ಡಿಸ್ಕಿನ ತಯಾರಕ ಮತ್ತು ಉತ್ಪನ್ನ ಸಂಖ್ಯೆಗಳನ್ನೂ ‘ಯು’ ಎಂಬ ಅಕ್ಷರವನ್ನೂ ಕೊಟ್ಟು ಹಳೆಯ, ನಿಧಾನದ ಆದರೆ ನಂಬಬಹುದಾದ ಕ್ರಮಕ್ಕೆ ಇಳಿಸಬಹುದು. ಇದರಿಂದ ತೊಂದರೆ ನಿಂತರೆ ಆ ಸಂಖ್ಯೆಗಳನ್ನು ಕರ್ನಲ್‌ನ ಯುಎಸ್‌ಬಿ ಡೆವಲಪರುಗಳಿಗೆ ತಿಳಿಸುವುದು ಒಳ್ಳೆಯದು. ಕರ್ನಲ್‌ನೊಳಗೆ ಇಂಥ ಸಾಧನಗಳದೇ ಒಂದು ಪಟ್ಟಿಯಿದೆ, ಬಳಕೆದಾರರ ವರದಿಗಳಿಂದಲೇ ಅದು ಬೆಳೆದಿದೆ. ಅದರಲ್ಲಿ ಒಂದು ಸಾಲು ಸೇರಿದರೆ ಮುಂದಿನ ಕರ್ನಲ್ ಆವೃತ್ತಿಯಿಂದ ಅದೇ ಡಿಸ್ಕ್ ಕೊಂಡ ಯಾರೂ ಈ ಆಯ್ಕೆಯನ್ನು ಕೈಯಾರೆ ಕೊಡಬೇಕಾಗುವುದಿಲ್ಲ.